ದಾಟದೆ ಉಳಿದ ಒಂಬತ್ತು ಸಾಲು

ಧರ್ಮೇಂದ್ರನ್ನ ಬೈಯೋರು ನಮ್ಮ ಕೋಟೆ ತಾಲ್ಲೂಕಲ್ಲಿ ಬೇಕಾದಷ್ಟು ಜನ ಇದ್ದಾರೆ. ಬೈಲಿ, ನಾನೇನು ಅಡ್ಡ ಬರಲ್ಲ. ಆದ್ರೆ ನನ್ನ ಮುಂದೆ ಬೈಯೋರಿಗೆ ಒಂದು ಮಾತು ಹೇಳ್ತೀನಿ: ಮೊದಲು ನನ್ನ ಬೈರಿ, ಆಮೇಲೆ ಅವನ ಹತ್ರ ಹೋಗಿ. ಯಾಕಂದ್ರೆ ಆ ಸೋಮವಾರ ಅವನ ಪಕ್ಕದ ಕುರ್ಚೀಲಿ ಕೂತಿದ್ದೋಳು ನಾನು. "ಬುಡು ಅತ್ಲಾಗೆ" ಅಂದೋಳೂ ನಾನೇ.

ನಾನು ಪವಿತ್ರ. ಹುಟ್ಟಿದ್ದು ಕೆ.ಆರ್. ನಗರದ ಚುಂಚನಕಟ್ಟೆ, ಕೊಟ್ಟಿದ್ದು ಎಚ್.ಡಿ. ಕೋಟೆಗೆ. ಹ್ಯಾಂಡ್‌ಪೋಸ್ಟಲ್ಲಿ ಗೊಬ್ಬರದ ಅಂಗಡಿ ಮೇಲಿನ ಮಾಳಿಗೇಲಿ ಒಂದು ಟ್ರಸ್ಟಿನ ಆಫೀಸಿದೆ, ಅಲ್ಲಿ ಫೋನ್ ಎತ್ತೋ ಕೆಲಸ ನಂದು. ಕಾಡಂಚಿನ ಊರೋರಿಗೆ ಆನೆ ಬಂತು, ಹುಲಿ ಬಂತು ಅಂತ ಮುಂಚೆಯೇ ತಿಳಿಸೋದು ಟ್ರಸ್ಟಿನ ಕೆಲಸ. ಕೋಟೆ, ಹುಣಸೂರು, ಪಿರಿಯಾಪಟ್ಟಣ ಸೇರಿ ನಲವತ್ತೆರಡು ಊರು, ಊರಿಗೊಬ್ಬ ಕಾವಲಿನೋನು. ಕಾವಲಿನೋರು ಪ್ರಾಣಿ ಕಂಡ ತಕ್ಷಣ ನಂಗೆ ಫೋನ್ ಮಾಡೋರು, ನಾನು ಬರ್ಕೊಂಡು ಆ ಊರಿನ ಮನೆಮನೆಗೂ ಫೋನ್ ಹಚ್ಚೋಳು. ಬೆಳಗ್ಗೆ ಕೂತರೆ ಸಾಯಂಕಾಲಕ್ಕೆ ಕಿವಿ ಸುಟ್ಟು ಹೋಗೋದು, ಗಂಟಲು ಕಟ್ಕಳದು.

ಅದಕ್ಕೇ ನಮ್ಮ ಮ್ಯಾನೇಜರ್ ರೇಣುಕಾಪ್ರಸಾದ್, ರಾವಂದೂರಿನೋರು, ಮೈಸೂರಿನ ಒಂದು ಕಂಪನಿಯಿಂದ ಹೊಸ ವ್ಯವಸ್ಥೆ ತರಿಸಿದ್ರು. ಅದನ್ನ ನೋಡ್ಕೊಳ್ಳೋಕೆ ಬಂದೋನು ಧರ್ಮೇಂದ್ರ. ಕೆಂಚನಬೋರೆ ಹುಡುಗ, ಮೂವತ್ಮೂರು ವಯಸ್ಸು, ಮಾತು ಕಮ್ಮಿ. ಮೊದಲು ಕೇಬಲ್ ಎಳೀತಿದ್ದ, ಆಮೇಲೆ ಕೋಟೆ ಬಸ್‌ಸ್ಟ್ಯಾಂಡ್ ಹತ್ರ ಗೂಡಂಗಡೀಲಿ ಮೊಬೈಲ್ ರಿಪೇರಿ. ಕಾಲೇಜು ಮೆಟ್ಟಿಲು ಹತ್ತಿದೋನಲ್ಲ. ಕೈಗೆ ಏನು ಕೊಟ್ರೂ ಬಿಚ್ಚಿ ನೋಡಿ ಜೋಡಿಸೋನು, ಅಷ್ಟೆ. ಕಂಪನಿಯೋರು ಎರಡು ದಿನ ಬಂದು ತೋರಿಸ್ಕೊಟ್ಟು, ಒಂದು ಪುಟದ ಕಾಗದ ಕೊಟ್ಟು ಹೊರಟೋದ್ರು. ಆ ಕಾಗದ ಇಟ್ಕೊಂಡು ಮೂರು ವಾರ ಒದ್ದಾಡಿ ಎಲ್ಲಾ ನಡೆಯೋ ಹಂಗೆ ಮಾಡ್ದ. ಅವನ ಅಪ್ಪ ಕುಳ್ಳಯ್ಯನೇ ಕೆಂಚನಬೋರೆ ಕಾವಲಿನೋನು. ಮಗನ ಕೆಲಸದ ಬಗ್ಗೆ ಆ ಮುದುಕನಿಗೆ ಎಂಥ ಹೆಮ್ಮೆ ಅಂತೀರಾ! ಸಂತೇಲಿ ಸಿಕ್ಕೋರಿಗೆಲ್ಲ, "ನನ್ನ ಮಗ ತಂತಿ ಇಲ್ದಂಗೆ ಊರೂರಿಗೆ ಸುದ್ದಿ ಕಳುಸ್ತಾನೆ" ಅಂತ ಹೇಳೋನು.

ವ್ಯವಸ್ಥೆ ಹೆಂಗೆ ಅಂತ ಧರ್ಮೇಂದ್ರ ನಂಗೆ ಒಂದಿನ ಹೇಳಿದ್ದ. ಕಾವಲಿನೋನು ಮೊಬೈಲಲ್ಲಿ ಒಂದು ಫಾರಂ ತುಂಬಿ ಒತ್ತಿದ್ರೆ ಅದು ನಮ್ಮ ಕಂಪ್ಯೂಟರಿನ ಟೇಬಲ್ಲಿನಲ್ಲಿ ಒಂದು ಸಾಲಾಗಿ ಬೀಳುತ್ತೆ. ಅಲ್ಲಿಂದ ಆ ಸಾಲು ಕಂಪನಿಯ ಸ್ಟ್ರೀಮಿಗೆ ಹೋಗ್ಬೇಕು. ಸ್ಟ್ರೀಮಿಗೆ ಬಿದ್ದ ಮೇಲೆ ಊರಿನ ಎಲ್ಲಾ ಫೋನಿಗೂ ತಾನಾಗೇ ಕರೆ ಹೋಗುತ್ತೆ. ಟೇಬಲ್ಲಿಗೂ ಸ್ಟ್ರೀಮಿಗೂ ನಡುವೆ ಇರೋದೇ ಕನೆಕ್ಟರ್. ನಾನು ಬಾಯಿ ಬಿಟ್ಕೊಂಡು ನೋಡ್ತಾ ಇದ್ದೆ ಅಂತ ಕಾಣುತ್ತೆ. "ಅಕ್ಕ, ನಿಮ್ಮೂರ ಕಟ್ಟೆ ನೆನುಸ್ಕೊ. ನೀರು ಕಟ್ಟೇಲಿ ನಿಂತೈತೆ, ನಾಲೆಗೆ ಓಗ್ಬೇಕು. ಮಧ್ಯದಲ್ಲಿರೋ ತೂಬು ಐತಲ್ಲ, ಅದೇ ಕನೆಕ್ಟರು" ಅಂದ. ಅವತ್ತು ಅರ್ಥವಾಯ್ತು.

ಆ ತೂಬಿಗೆ ಒಂದು ಕಾನ್ಫಿಗ್ ಫೈಲು, ಅಂದ್ರೆ ಅದು ಹೆಂಗೆ ನಡೀಬೇಕು ಅನ್ನೋ ಪಟ್ಟಿ. ಯಾವ ಟೇಬಲ್ಲು ನೋಡ್ಬೇಕು, ಎಷ್ಟು ಸೆಕೆಂಡಿಗೊಂದ್ಸಲ ನೋಡ್ಬೇಕು, ಹೊಸ ಸಾಲು ಅಂತ ಹೆಂಗೆ ಗುರುತು ಹಿಡೀಬೇಕು, ಎಲ್ಲಾ ಒಂದೊಂದು ಸಾಲಲ್ಲಿ ಬರೆದಿರ್ಬೇಕು. ಆನೆ ಅಂತಿದ್ರೆ ಆನೆಯ ದಾರಿಗೆ, ಹುಲಿ ಅಂತಿದ್ರೆ ಹುಲಿಯ ದಾರಿಗೆ ಕಳಿಸ್ಬೇಕು ಅಂತಲೂ ಅದ್ರಲ್ಲೇ ಇತ್ತು, ಯಾಕಂದ್ರೆ ಜನಕ್ಕೆ ಹೋಗೋ ಮಾತು ಬೇರೆ ಬೇರೆ. ಆನೆ ಬಂದ್ರೆ ಹೊಲ ಬಿಟ್ಟು ಬನ್ನಿ ಅನ್ಬೇಕು, ಹುಲಿ ಬಂದ್ರೆ ದನ ಒಳಗೆ ಕಟ್ಟಿ ಅನ್ಬೇಕು.

ಈಗ ಕುಳ್ಳಯ್ಯಣ್ಣನ ವಿಷಯಕ್ಕೆ ಬರ್ತೀನಿ. ಕೆರೆ ಪಕ್ಕದ ಮತ್ತೀ ಮರದ ಮೇಲೆ ಅಟ್ಟಣೆ ಕಟ್ಕೊಂಡು ನಲವತ್ತು ವರ್ಷ ಕಾವಲು ಕಾದ ಮನುಷ್ಯ. ಅವನ ಕಡೇಲಿ ಒಂದು ಪದ್ಧತಿ. ಕಾಡಿನ ದೊಡ್ಡ ಪ್ರಾಣಿ ಕಣ್ಣ ಮುಂದೆ ಇರೋವಾಗ ಅದರ ಹೆಸರು ಎತ್ತಬಾರದು. ಹೆಸರು ಹಿಡಿದು ಕರೆದ್ರೆ ತಿರುಗಿ ನಮ್ಮ ಕಡೆಗೇ ಬರುತ್ತೆ ಅನ್ನೋ ಭಯ. ಅವನ ಅಪ್ಪ ಎತ್ತಲಿಲ್ಲ, ತಾತ ಎತ್ತಲಿಲ್ಲ, ಇವನೂ ಎತ್ತಲ್ಲ. ನಂಗೆ ಫೋನ್ ಮಾಡ್ತಿದ್ದಾಗಲೂ ಅಷ್ಟೆ. "ಪವಿತ್ರವ್ವ, ಬಂದವ್ರೆ ಕಣವ್ವ. ಕೆರೆ ಏರಿ ಮೇಲವ್ರೆ, ಒಬ್ರೇ" ಅನ್ನೋನು. ನಾನು ನಕ್ಕೊಂಡು ಪುಸ್ತಕದಲ್ಲಿ "ಆನೆ, ಒಂದು" ಅಂತ ಬರ್ಕೊಳ್ಳೋಳು. ನಂಗೆ ಗೊತ್ತಿತ್ತು, ನೋಡಿ. ಇದನ್ನ ಎಷ್ಟು ಸಲ ಹೇಳಿದ್ರೂ ನನ್ನ ಹೊಟ್ಟೆ ಉರಿ ಆರಲ್ಲ. ಇಡೀ ಆಫೀಸಲ್ಲಿ ಅದು ಗೊತ್ತಿದ್ದೋರು ಇಬ್ಬರೇ, ಒಬ್ಬಳು ನಾನು, ಇನ್ನೊಬ್ಬ ಅವನ ಹೊಟ್ಟೇಲಿ ಹುಟ್ಟಿದ ಮಗ.

ಮೊಬೈಲ್ ಫಾರಂ ಬಂದ ಮೇಲೆ ಕಾವಲಿನೋರು ನಂಗೆ ಫೋನ್ ಮಾಡೋದು ನಿಲ್ತು. ಫಾರಂನಲ್ಲಿ ಊರು, ಜಾಗ, ಯಾವ ದಿಕ್ಕಿಗೆ ಹೋಗ್ತಿದೆ, ಯಾವ ಪ್ರಾಣಿ, ನಾಲ್ಕು ಪ್ರಶ್ನೆ. ಪ್ರಾಣಿಗೆ ಚಿತ್ರ ಇಟ್ಟಿದ್ರು. ಓದು ಬಾರದೋರಿಗೆ ಅನುಕೂಲವಾಗ್ಲಿ ಅಂತ. ಕುಳ್ಳಯ್ಯಣ್ಣ ಮೂರನ್ನ ತುಂಬಿ, ಚಿತ್ರಕ್ಕೆ ಮಾತ್ರ ಬೆರಳು ಸೋಕಿಸದೆ ಕಳಿಸ್ತಿದ್ದ. ಚಿತ್ರ ಮುಟ್ಟೋದೂ ಒಂದೇ, ಹೆಸರು ಹಿಡಿದು ಕರೆಯೋದೂ ಒಂದೇ, ಅವನ ಲೆಕ್ಕದಲ್ಲಿ.

ಫಾರಂ ಶುರುವಾಗಿ ಇನ್ನೂ ಎರಡೇ ದಿನ, ಆ ಸೋಮವಾರ ಬೆಳಗ್ಗೆ ಹನ್ನೊಂದರ ಸುಮಾರು ಕನೆಕ್ಟರ್ ನಿಂತೋಯ್ತು. ಧರ್ಮೇಂದ್ರ ಮತ್ತೆ ಶುರು ಮಾಡ್ದ, ಮತ್ತೆ ನಿಂತ್ಕೊಂತು. ಮತ್ತೆ ಶುರು, ಮತ್ತೆ ಠುಸ್. ಅದು ನಿಂತಿದ್ದ ಜಾಗಕ್ಕೇ ಬಂದು, ಅದೇ ಸಾಲು ಓದಿ, ಅಲ್ಲೇ ಮುಗ್ಗರಿಸ್ತಿತ್ತು. ಪರದೆ ಮೇಲೆ ಕೆಂಪಕ್ಷರ. ಯಾವುದೋ ಸಾಲಲ್ಲಿ ಪ್ರಾಣಿಯ ಜಾಗ ಖಾಲಿ ಇದೆ, ಯಾವ ದಾರಿಗೆ ಕಳಿಸ್ಲಿ ಗೊತ್ತಾಗ್ತಿಲ್ಲ ಅಂತ ಅದರ ಗೋಳು. ಅಷ್ಟರಲ್ಲಿ ಹುಣಸೂರು ಕಡೆಯಿಂದ ಫೋನ್, ಪಿರಿಯಾಪಟ್ಟಣದ ಕಡೆಯಿಂದ ಫೋನ್. ಕಾವಲಿನೋನು ಕಳಿಸಿದಾನಂತೆ, ಊರಿಗೆ ಕರೆ ಬಂದಿಲ್ವಂತೆ. ಒಂದು ಕಡೆ ಹುಲಿ ದನ ಹಿಡಿದಿದೆ, ಜನ ಬೊಬ್ಬೆ ಹೊಡೀತಿದ್ದಾರೆ. ಒಂದು ಸಾಲು ಸಿಕ್ಕಾಕಿಕೊಂಡು ಹಿಂದಿನ ಹದಿನೆಂಟು ಸಾಲೂ ನಿಂತಿದ್ವು. ನಾನು ಎರಡು ಕೈಲೂ ಫೋನ್ ಹಿಡ್ಕೊಂಡು ಕಿರುಚಾಡ್ತಿದ್ದೆ.

"ಯಾರದ್ಲಾ ಆ ಖಾಲಿ ಸಾಲು?" ಅಂದೆ.

"ಹುಣಸೂರಲ್ಲಿ ಹೊಸಬ್ರಿಗೆ ಟ್ರೈನಿಂಗ್ ನಡೀತಾ ಐತಲ್ಲಕ್ಕ, ಅವ್ರು ಅರ್ಧಂಬರ್ಧ ತುಂಬಿ ಒತ್ತಿರ್ಬೇಕು" ಅಂದ.

ನಿಜಕ್ಕೂ ಆ ವಾರ ಟ್ರೈನಿಂಗಿತ್ತು, ಅವನು ಸುಳ್ಳು ಹೇಳಲಿಲ್ಲ. ಆದ್ರೆ ಸಾಲಿನ ನಂಬರ್ ಹಿಡಿದು ಟೇಬಲ್ ತೆಗೆದು ಯಾರದು ಅಂತ ನೋಡೋಕೆ ಎರಡು ನಿಮಿಷ ಸಾಕಿತ್ತು. ನೋಡ್ಲಿಲ್ಲ. ನೋಡು ಅಂತ ನಾನೂ ಹೇಳ್ಲಿಲ್ಲ.

ಕಾನ್ಫಿಗ್‌ನಲ್ಲಿ ಒಂದು ಸಾಲಿದೆ. ತಪ್ಪು ಸಿಕ್ಕಿದ್ರೆ ನಿಲ್ಲಬೇಕೋ, ಅದನ್ನ ಬಿಟ್ಟು ಮುಂದಕ್ಕೆ ಹೋಗಬೇಕೋ ಅಂತ. ಕಂಪನಿಯೋರು ನಿಲ್ಲಬೇಕು ಅಂತ ಇಟ್ಟಿದ್ರು. ಧರ್ಮೇಂದ್ರ ಅದರ ಮೇಲೆ ಬೆರಳಿಟ್ಟು ಯೋಚನೆ ಮಾಡ್ತಾ ಕೂತ. "ಅಕ್ಕ, ಇದನ್ನ ಬದಲಾಯಿಸಿದ್ರೆ ಮಿಕ್ಕಿದ್ದೆಲ್ಲ ಹೋಗುತ್ತೆ. ಆದ್ರೆ ಕೆಟ್ಟ ಸಾಲು ಬಿದ್ದೋಗುತ್ತೆ" ಅಂದ.

"ಅಯ್ಯೋ ನಿನ್ನ! ಯಾವನೋ ಒಬ್ಬ ನೆಟ್ಟಗೆ ಒತ್ತಲಿಲ್ಲ ಅಂತ ನಲವತ್ತೂರು ಬಾಯಿ ಬಡ್ಕೋಬೇಕಾ? ಬುಡು ಅತ್ಲಾಗೆ!" ಅಂದೆ.

ಬಿಟ್ಟ. ಹದಿನೆಂಟು ಸಾಲೂ ಸರಸರ ಹೋದ್ವು, ಫೋನ್‌ಗಳು ತಣ್ಣಗಾದ್ವು. ನಾನು ಕೆಳಗಿಂದ ಟೀ ತರಿಸಿ ಕುಡಿಸಿದೆ. ಕಾನ್ಫಿಗ್‌ನಲ್ಲಿ ಅವನು ತಿದ್ದಿದ ಸಾಲಿನ ಕೆಳಗೇ ಇನ್ನೊಂದು ಸಾಲಿತ್ತಂತೆ, ಬಿಟ್ಟುಹೋದದ್ದನ್ನ ಒಂದು ಕಡೆ ಬರೆದಿಡಬೇಕಾ ಬೇಡವಾ ಅಂತ. ಅದು "ಬೇಡ" ಅಂತಿತ್ತು. ಊಟ ಆದ ಮೇಲೆ ಬದಲಾಯಿಸ್ತೀನಿ ಅಂದ್ಕೊಂಡನಂತೆ. ಊಟ ಆದ ಮೇಲೆ ಪ್ರಿಂಟರ್ ಕೆಟ್ಟಿತ್ತು, ಅದನ್ನ ಬಿಚ್ಚಿಕೊಂಡು ಕೂತ.

ಮುಂದಿನ ಎಂಟು ದಿನ ಕೆಂಚನಬೋರೆಗೆ ಒಂದೇ ಒಂದು ಕರೆ ಹೋಗಲಿಲ್ಲ. ಆ ಕಡೆ ಪ್ರಾಣಿ ಬಂದಿಲ್ಲ ಅಂತ ನಾವು ಅಂದ್ಕೊಂಡ್ವಿ. ಊರೋರೂ ಹಂಗೇ ಅಂದ್ಕೊಂಡು ನೆಮ್ಮದಿಯಾಗಿ ಹೊಲಕ್ಕೆ ಹೋಗ್ತಿದ್ರು. ಕಂಡವನಿಗೇ ಮತ್ತೆ ಯಾಕೆ ಹೇಳೋದು ಅಂತ ಕಾವಲಿನೋರ ನಂಬರಿಗೆ ಕರೆ ಹೋಗ್ತಿರಲಿಲ್ಲ, ಹಂಗಾಗಿ ಕುಳ್ಳಯ್ಯಣ್ಣನಿಗೂ ಅನುಮಾನ ಬರಲಿಲ್ಲ. ಅವನು ಒತ್ತುತ್ತಲೇ ಇದ್ದ.

ಮುಂದಿನ ವಾರದ ಮಂಗಳವಾರ ಬೆಳಗ್ಗೆ ಹತ್ತು ಗಂಟೆ ಹೊತ್ತಿಗೆ ಕೆಂಚನಬೋರೆಯ ಸಾಕಮ್ಮನೂ ಧರ್ಮೇಂದ್ರನ ತಾಯಿ ಚಿಕ್ಕಬೀರಮ್ಮನೂ ಹುಲ್ಲು ಕುಯ್ಯೋಕೆ ಕೆರೆ ಆಚೆ ಹೋಗಿದ್ರು. ಕೇರಳದೋರು ಗುತ್ತಿಗೆಗೆ ಹಿಡಿದು ಶುಂಠಿ ಹಾಕಿದ್ದ ಹೊಲದ ಬದು ಅದು. ಇಬ್ಬರೂ ಒಂದೇ ಬೀದಿ, ವಾರಗಿತ್ತಿಯರಿಗಿಂತ ಹೆಚ್ಚಾಗಿ ಇದ್ದೋರು. ಕಾಡಂಚಿನ ಕಂದಕ ದಾಟಿ ಬಂದ ಒಂಟಿ ಸಲಗ ಜೋಳದ ಹೊಲದ ಮರೇಲಿ ಬಂತು. ಚಿಕ್ಕಬೀರಮ್ಮ ಕಾಲುವೆಗೆ ಬಿದ್ದು ಉಳ್ಕೊಂಡ್ಲು. ಸಾಕಮ್ಮನಿಗೆ ಮಂಡಿ ನೋವು, ಓಡೋಕಾಗಲಿಲ್ಲ. ಕೆರೆ ಈಚೆ ಅಟ್ಟಣೆಯಿಂದ ಕುಳ್ಳಯ್ಯಣ್ಣ ಕೂಗ್ಕೊಂಡು ಓಡಿದ್ನಂತೆ. ಗಾಳಿ ಎದುರಿತ್ತು, ಕೂಗು ಕೇಳಿಸಲಿಲ್ಲ.

ಸುದ್ದಿ ಬಂದಾಗ ನಾನು, ಧರ್ಮೇಂದ್ರ, ರೇಣುಕಾಪ್ರಸಾದ್ ಸಾರ್ ಮೂರೂ ಜನ ಜೀಪಲ್ಲಿ ಹೋದ್ವಿ. ಅಷ್ಟೊತ್ತಿಗೆ ಸಾಕಮ್ಮನ್ನ ಮೈಸೂರಿನ ಆಸ್ಪತ್ರೆಗೆ ಸಾಗಿಸಿದ್ರು, ಉಸಿರಿತ್ತು. ಮಾರಿಗುಡಿ ಮುಂದೆ ಜನ ಸೇರಿತ್ತು. ಸಾಕಮ್ಮನ ಮಗ ಸಿದ್ದರಾಜು ಕುಳ್ಳಯ್ಯಣ್ಣನ ಹೆಗಲ ಮೇಲಿನ ಟವೆಲ್ ಹಿಡ್ಕೊಂಡು ಜಗ್ಗಾಡ್ತಿದ್ದ.

"ಕಾವಲು ಕಾಯೋ ಮುಂಡೇದೆ, ನಿದ್ದೆ ಒಡೀತಿದ್ದೇನ್ಲಾ? ಒಂದ್ ಫೋನ್ ಬಂದಿದ್ರೆ ನಮ್ಮವ್ವ ಮನೇಗೋಡಿ ಬರೋಳು!"

"ಒತ್ತಿವ್ನಿ ಕಣಪ್ಪ. ದೇವ್ರಾಣೆ ಒತ್ತಿವ್ನಿ. ನಿಮ್ಮವ್ವ ಓಗಕೆ ಮುಂಚೆನೇ ಒತ್ತಿವ್ನಿ" ಅಂತ ಮುದುಕ ಕೈ ಮುಗೀತಾ ಇದ್ದ.

ಊರ ಹಿರೀಕ ಸಿದ್ದಮಲ್ಲಪ್ಪ ನಮ್ಮ ಕಡೆ ತಿರುಗಿದ್ರು. ರೇಣುಕಾಪ್ರಸಾದ್ ಸಾರ್ ತಮ್ಮ ಮೊಬೈಲಲ್ಲಿ ಕರೆಗಳ ಪಟ್ಟಿ ತೆಗೆದು, ಎಂಟು ದಿನದಿಂದ ಕೆಂಚನಬೋರೆಯಿಂದ ಏನೂ ಬಂದಿಲ್ಲ ಅಂದ್ರು. ಜನ ಗುಸುಗುಸು ಅಂದ್ರು. ಎಂಟು ದಿನ! ಆಗ ಎಲ್ಲರೂ ಧರ್ಮೇಂದ್ರನ ಮುಖ ನೋಡಿದ್ರು. ಅವನೇ ತಾನೇ ಆ ಯಂತ್ರ ನಡೆಸೋನು.

ಕುಳ್ಳಯ್ಯಣ್ಣನೂ ನೋಡ್ದ. ನನ್ನ ಮಗ ಹೇಳ್ತಾನೆ, ಅವನು ಹೇಳಿದ್ರೆ ಎಲ್ಲಾ ಒಪ್ತಾರೆ ಅನ್ನೋ ಹಂಗೆ ನೋಡ್ದ.

ಧರ್ಮೇಂದ್ರನ ತಾಯಿ ಮೈಯೆಲ್ಲಾ ಕೆಸರು ಮಾಡ್ಕೊಂಡು ಜಗಲೀಲಿ ಕೂತಿದ್ಲು. ಸಿಟ್ಟೋ ಭಯವೋ, ಅವನ ಬಾಯಿಂದ ಬಂದದ್ದು ಇದು: "ಅಪ್ಪ, ಕಂಪ್ಯೂಟರ್ ಸುಳ್ಳೇಳಲ್ಲ. ನೀನು ಒತ್ತಿದ್ರೆ ನಂಗೆ ಬರೋದು. ಅವ್ವನೂ ಓಗ್ಬುಡ್ತಿತ್ತು ಇವತ್ತು. ಯಾಕಪ್ಪ ಸುಳ್ಳೇಳ್ತೀಯ?"

ಕುಳ್ಳಯ್ಯಣ್ಣ ಕೈ ಕೆಳಗಿಳಿಸಿದ. ಸಿದ್ದರಾಜು ಟವೆಲ್ ಬಿಟ್ಟುಬಿಟ್ಟ. ಹೆತ್ತ ಮಗನೇ ಹೇಳಿದ ಮೇಲೆ ಇನ್ನೇನು ಜಗ್ಗಾಡೋದು.

ಮೂರನೇ ದಿನ ಸಾಕಮ್ಮ ತೀರ್ಕೊಂಡ್ಲು. ಕುಳ್ಳಯ್ಯಣ್ಣ ಮಣ್ಣಿಗೆ ಹೋದ್ರೆ ಹತ್ತಿರ ಸೇರಿಸಲಿಲ್ಲ, ದೂರದಲ್ಲಿ ಬೇಲಿ ಪಕ್ಕ ನಿಂತಿದ್ದು ವಾಪಸ್ ಬಂದ. ನಲ್ಲಿ ಹತ್ರ ಹೆಂಗಸರು ಚಿಕ್ಕಬೀರಮ್ಮನ ಜೊತೆ ಮಾತು ಬಿಟ್ರು. ಅವರಿಬ್ಬರ ಜೊತೆ ಒಂದೇ ಮನೇಲಿರೋ ಧರ್ಮೇಂದ್ರನಿಗೆ ಅಪ್ಪನ ಜೊತೆ ಮಾತಿಲ್ಲ, ಅಪ್ಪ ಅನ್ನ ಮುಟ್ತಿಲ್ಲ. ಮಗ ಆಫೀಸಿಗೆ ಬಂದು ಪರದೆ ಮುಂದೆ ಸುಮ್ನೆ ಕೂತಿರೋನು. "ಟೇಬಲ್ ಒಂದ್ಸಲ ತೆಗೆದು ನೋಡೋ ಧರ್ಮ" ಅಂತ ನಾಲ್ಕನೇ ದಿನ ಹೇಳಿದೆ. "ಏನ್ ನೋಡ್ಲಿ ಅಕ್ಕ?" ಅಂದ. ಅವನಿಗೆ ಒಳಗೇ ಭಯ ಇತ್ತು ಅಂತ ಈಗ ಅನ್ಸುತ್ತೆ. ನಂಗೂ ಇತ್ತು. ಅದಕ್ಕೇ ನಾನು ಎರಡನೇ ಸಲ ಹೇಳಲಿಲ್ಲ.

ಆರನೇ ದಿನ ಬೆಳಗ್ಗೆ ಮೆಟ್ಟಿಲ ಮೇಲೆ ಕೆಮ್ಮು ಕೇಳಿಸ್ತು. ನೋಡಿದ್ರೆ ಕುಳ್ಳಯ್ಯಣ್ಣ. ಬಸ್ಸಲ್ಲಿ ಊರೋರು ಪಕ್ಕ ಕೂರಿಸ್ಕೊಳ್ಳಲಿಲ್ಲ ಅಂತ ಅರ್ಧ ದಾರೀಲೇ ಇಳಿದು ನಡ್ಕೊಂಡು ಬಂದಿದ್ದ. ಆರು ದಿನದಲ್ಲಿ ಆ ಮನುಷ್ಯ ಇಳಿದು ಕಡ್ಡಿಯಾಗಿದ್ದ. ಚಪ್ಪಲಿ ಬಾಗಿಲಲ್ಲಿ ಬಿಟ್ಟು, ಮಗನ ಕಡೆ ನೋಡದೆ, ಸೀದಾ ನನ್ನ ಹತ್ರ ಬಂದ.

"ಪವಿತ್ರವ್ವ, ನೀನಾರ ನೋಡವ್ವ. ನಂಗೆ ಓದಕ್ ಬರಲ್ಲ. ನಾ ಕಳ್ಸಿವ್ನೋ ಇಲ್ವೋ ಇದ್ರಲ್ಲಿ ಇರ್ಬೇಕಲ್ವಾ?" ಅಂತ ಬನೀನಿನ ಜೇಬಿಂದ ಮೊಬೈಲ್ ತೆಗೆದುಕೊಟ್ಟ.

ಫಾರಂ ತೆಗೆದೆ. ಮಂಗಳವಾರ, ಒಂಬತ್ತು ಗಂಟೆ ಹನ್ನೆರಡು ನಿಮಿಷ. ಊರು ಕೆಂಚನಬೋರೆ. ಜಾಗ ಕೆರೆ ಆಚೆ, ಶುಂಠಿ ಹೊಲ. ದಿಕ್ಕು ಊರ ಕಡೆಗೆ. ಕೆಳಗೆ ಹಸಿರು ಬಣ್ಣದಲ್ಲಿ "ಕಳುಹಿಸಲಾಗಿದೆ". ಪ್ರಾಣಿಯ ಚಿತ್ರ ಇರೋ ಜಾಗ ಖಾಲಿ.

ಒಂಬತ್ತು ಹನ್ನೆರಡು! ಆ ಹೆಂಗಸರು ಮನೆ ಬಿಟ್ಟಿದ್ದೇ ಒಂಬತ್ತೂವರೆಗೆ. ಮೊಬೈಲನ್ನ ಧರ್ಮೇಂದ್ರನ ಕೀಬೋರ್ಡಿನ ಮೇಲೆ ಇಟ್ಟೆ.

ಅವನು ನೋಡ್ದ. ಆಮೇಲೆ ಟೇಬಲ್ ತೆಗೆದು ಕೆಂಚನಬೋರೆ ಅಂತ ಹುಡುಕಿದ. ಒಂಬತ್ತು ಸಾಲು ಬಂದ್ವು, ಒಂದರ ಕೆಳಗೊಂದು. ಮೊದಲನೇದು ಆ ಸೋಮವಾರ ಹತ್ತು ಐವತ್ತೆಂಟಕ್ಕೆ, ಕನೆಕ್ಟರ್ ಮುಗ್ಗರಿಸಿದ ಹೊತ್ತು. ಕೊನೇದು ಮಂಗಳವಾರ ಒಂಬತ್ತು ಹನ್ನೆರಡಕ್ಕೆ. ಒಂಬತ್ತರಲ್ಲೂ ಪ್ರಾಣಿಯ ಜಾಗ ಖಾಲಿ. ಒಂದೂ ಸ್ಟ್ರೀಮಿಗೆ ದಾಟಿರಲಿಲ್ಲ. ಟ್ರೈನಿಂಗಿನೋರದ್ದು ಅಂತ ನಾವು ಅಂದ್ಕೊಂಡಿದ್ದ ಆ ಕೆಟ್ಟ ಸಾಲು ಅವರಪ್ಪಂದೇ.

"ಅಪ್ಪಾ" ಅಂದ ಧರ್ಮೇಂದ್ರ. ಆ ಒಂದು ಶಬ್ದ ಹೆಂಗೆ ಬಂತು ಅಂದ್ರೆ ನಾನು ಮುಖ ತಿರುಗಿಸ್ಕೊಂಡೆ. ಕುರ್ಚಿಯಿಂದ ಇಳಿದು ಅಪ್ಪನ ಕಾಲ ಹತ್ರ ನೆಲದಲ್ಲಿ ಕೂತ. "ನೀ ಕಳ್ಸಿದೀಯ ಅಪ್ಪ. ಒಂಬತ್ ಸಲ ಕಳ್ಸಿದೀಯ. ಇಲ್ಲಿಗಂಟ ಬಂದೈತೆ. ಇಲ್ಲಿ ನಾನೇ ಬೀಳಿಸ್ಬುಟ್ಟೆ. ಒಂದು ಸಾಲು ತಿದ್ದಿದೆ, ಅದ್ರಿಂದ ಎಲ್ಲಾ ಬಿದ್ದೋಯ್ತು."

ಮುದುಕ ಬೈತಾನೆ, ಹೊಡೀತಾನೆ ಅಂದ್ಕೊಂಡೆ. ಹೊಡೆದಿದ್ರೆ ಚೆನ್ನಾಗಿರೋದು. "ಐತಾ ಅಲ್ಲಿ?" ಅಂತ ಪರದೆ ಕಡೆ ನೋಡ್ದ. "ಐತೆ" ಅಂದ ಮಗ. "ಅಂಗಾರೆ ಊರಲ್ಲಿ ಏಳ್ಲಾ. ನಂಗೇನು ಬ್ಯಾಡ. ಕುಳ್ಳಯ್ಯ ಸುಳ್ಳೇಳ್ಲಿಲ್ಲ ಅಂತ ಊರಲ್ಲಿ ಏಳು, ಸಾಕು" ಅಂದ. ಅಷ್ಟು ಹೇಳಿ ಚಪ್ಪಲಿ ಮೆಟ್ಕೊಂಡು ಇಳಿದು ಹೋದ. ನೀರು ಕುಡೀರಿ ಅಂತ ಹಿಂದೆ ಓಡಿದೆ, ನಿಲ್ಲಲಿಲ್ಲ.

ರೇಣುಕಾಪ್ರಸಾದ್ ಸಾರ್‌ಗೆ ಹೇಳಿದ್ವಿ. ಕೆಟ್ಟ ಮನುಷ್ಯ ಅಲ್ಲ ಅವರು, ಆದ್ರೆ ಬೆವತುಹೋದ್ರು. "ರೀ, ಇದು ಹೊರಗೆ ಬಂದ್ರೆ ಇಡೀ ಯೋಜನೆ ಮುಚ್ಚಿಸ್ತಾರೆ. ನಲವತ್ತೊಂದೂರಿಗೆ ಯಾರು ಹೇಳ್ತಾರೆ ಆಮೇಲೆ? ಸ್ವಲ್ಪ ದಿನ ಸುಮ್ಮನಿರಿ. ಆ ಒಂಬತ್ತು ಸಾಲು ಅಲ್ಲಿದ್ದು ತಾನೆ ಏನು ಪ್ರಯೋಜನ ಈಗ?" ಅಂದ್ರು. ನಂಗೆ ಪಿತ್ತ ನೆತ್ತಿಗೇರ್ತು. "ಸಾರ್, ಅಳಿಸು ಅಂತ ನೇರವಾಗಿ ಹೇಳ್ರಿ, ಹಿಂಗೆ ಸುತ್ತಿ ಬಳಸಿ ಯಾಕೆ?" ಅಂದೆ. ಅವರು ತಲೆ ತಗ್ಗಿಸಿದ್ರು. ಧರ್ಮೇಂದ್ರ ಜಗಳ ಆಡ್ಲಿಲ್ಲ. ಒಂಬತ್ತು ಸಾಲನ್ನೂ ಪ್ರಿಂಟ್ ತೆಗೆದು ಮಡಚಿ ಜೇಬಿಗಿಟ್ಕೊಂಡ.

ಆಮೇಲೆ ಕೂತು ಕಾನ್ಫಿಗ್ ತಿದ್ದಿದ. ಬಿಟ್ಟು ಹೋಗೋ ಸಾಲೆಲ್ಲ ಬರೆದಿಡಬೇಕು ಅಂತ ಮಾಡ್ದ. ಪ್ರಾಣಿ ಜಾಗ ಖಾಲಿ ಇದ್ರೆ ನಿಲ್ಲೋದೂ ಬೇಡ, ಬೀಳಿಸೋದೂ ಬೇಡ, ಅದನ್ನ ಆನೆಯ ದಾರಿಗೇ ಕಳಿಸು ಅಂತ ಸೇರಿಸಿದ. ಎರಡೇ ಎರಡು ಸಾಲು. ಮತ್ತೆ ಮತ್ತೆ ತಪ್ಪು ಅಕ್ಷರ ಬೀಳ್ತಿತ್ತು, ಅಳಿಸಿ ಮತ್ತೆ ಹೊಡೆಯೋನು. ಸುಮ್ನೆ ಒಂದು ಖಾಲಿ ಫಾರಂ ಕಳಿಸಿ ನೋಡಿದ್ವಿ. ಐದು ಸೆಕೆಂಡಿನಲ್ಲಿ ನನ್ನ ಫೋನ್ ಹೊಡ್ಕೊಂತು. ಎಷ್ಟು ಸುಲಭ ಇತ್ತು ನೋಡಿ! ಧರ್ಮೇಂದ್ರ ಮೇಜಿನ ಮೇಲೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತ. ನಾನು ಬೆನ್ನು ಸವರೋಕೆ ಹೋಗಿ ಕೈ ಹಿಂದಕ್ಕೆ ತಗೊಂಡೆ. ಯಾವ ಮುಖ ಇಟ್ಕೊಂಡು ಸಮಾಧಾನ ಮಾಡ್ಲಿ.

ಸಾಕಮ್ಮ ತೀರ್ಕೊಂಡ ಹನ್ನೊಂದನೇ ದಿನ ಅವಳ ತಿಥಿ. ಊರೆಲ್ಲಾ ಒಂದೇ ಕಡೆ ಸೇರೋದು ಅವತ್ತೇ, ಅವತ್ತೇ ಹೇಳ್ತೀನಿ ಅಂದ. ನಾನೂ ಹೋದೆ. ಸಾಕಮ್ಮನ ಮನೆ ಮುಂದೆ ಶಾಮಿಯಾನ ಹಾಕಿದ್ರು. ಒಳ ಜಗಲೀಲಿ ಅವಳ ಫೋಟೋ ಇಟ್ಟು ಎಡೆ ಹಾಕಿದ್ರು. ಬದುಕಿದ್ದಾಗ ಅವಳಿಗೆ ಏನೇನು ಇಷ್ಟವೋ ಎಲ್ಲ. ಮುದ್ದೆ, ಉಪ್ಸಾರು, ವಡೆ, ಎಲೆ ಅಡಿಕೆ. ಕುಳ್ಳಯ್ಯಣ್ಣನ್ನ ಯಾರೂ ಕರೆದಿರಲಿಲ್ಲ. ಆದ್ರೂ ಬಂದು, ಹೆಂಡ್ತಿ ಜೊತೆ ಬೀದಿ ಆಚೆ ಬದಿಯ ಹೊಂಗೆ ಮರದ ಕೆಳಗೆ ನಿಂತಿದ್ದ.

ಪಂಕ್ತಿಗೆ ಎಲೆ ಹಾಕೋ ಹೊತ್ತಿಗೆ ಧರ್ಮೇಂದ್ರ ಎದ್ದು ನಿಂತ. "ಒಂದು ಮಾತೈತೆ" ಅಂದ. ಯಾರಿಗೂ ಕೇಳಿಸದೆ ಎರಡನೇ ಸಲ ಹೇಳಬೇಕಾಯ್ತು. "ನಮ್ಮಪ್ಪ ಸುಳ್ಳೇಳ್ಲಿಲ್ಲ. ಅವತ್ತು ಒಂಬತ್ತು ಹನ್ನೆರಡಕ್ಕೆ ಕಳ್ಸವ್ನೆ. ಅದಕ್ ಮುಂಚೆ ಎಂಟ್ ಸಲ ಕಳ್ಸವ್ನೆ. ನಾನು ಯಂತ್ರದಲ್ಲಿ ಮಾಡಿದ್ ತಪ್ಪಿಂದ ನಿಮಗೆ ಫೋನು ಬರ್ಲಿಲ್ಲ. ಸಾಕವ್ವ ಓಗಿದ್ದು ನನ್ನಿಂದ" ಅಂತ ಹೇಳಿ, ಜೇಬಿನ ಕಾಗದ ಬಿಡಿಸಿ ಸಿದ್ದಮಲ್ಲಪ್ಪನ ಕೈಗೆ ಕೊಟ್ಟ.

ಸಿದ್ದರಾಜು, ತಲೆ ಬೋಳಿಸಿದ್ದ, ಎದ್ದು ಬಂದು ಧರ್ಮೇಂದ್ರನ ಕೆನ್ನೆಗೆ ಒಂದು ಬಿಟ್ಟ. ಯಾರೂ ತಡೀಲಿಲ್ಲ. ಇವನೂ ಕೈ ಅಡ್ಡ ತರಲಿಲ್ಲ. "ನಿನ್ ಮಕ ನನ್ ಕಣ್ಣಿಗೆ ಬೀಳಬಾರ್ದು ಇನ್ಮೇಲೆ" ಅಂದ ಸಿದ್ದರಾಜು. ಇವತ್ತಿಗೂ ಅವರಿಬ್ಬರಿಗೆ ಮಾತಿಲ್ಲ. ನಾನು ನಿಂತ ಕಡೆಯಿಂದಲೇ "ನಂದೂ ತಪ್ಪಿದೆ, ಬುಡು ಅಂದಿದ್ದು ನಾನು" ಅಂತ ಕೂಗಿದೆ. ಆ ಗಲಾಟೇಲಿ ಕೇಳಿಸ್ಕೊಂಡೋರು ಯಾರು.

ಸಿದ್ದಮಲ್ಲಪ್ಪ ಕಾಗದ ನೋಡ್ತಾ ಇದ್ರು. ಕನ್ನಡಕ ಮೇಲೆತ್ತಿ ಕೇಳಿದ್ರು, "ಅಲ್ಲ ಕಣಪ್ಪ, ಬೇರೆ ಊರೋರ್ದೆಲ್ಲ ಓಗೈತೆ ಅಂತೀಯ. ಕುಳ್ಳಯ್ಯಂದು ಮಾತ್ರ ಯಾಕೆ ಓಗ್ಲಿಲ್ಲ?"

ಧರ್ಮೇಂದ್ರ ನನ್ನ ಮುಖ ನೋಡ್ದ. ನಾನು ನೆಲ ನೋಡ್ದೆ. ಇಷ್ಟು ಜನದ ಮುಂದೆ ನಿಜ ಹೇಳೋಕೆ ಅಂತ ಎದ್ದು ನಿಂತೋನು ಈಗ ಹೆಂಗೆ ಸುಳ್ಳು ಹೇಳ್ತಾನೆ.

"ಪ್ರಾಣಿ ಎಸ್ರು ಇರೋ ಜಾಗ ಖಾಲಿ ಇತ್ತು" ಅಂದ, ಮೆಲ್ಲಗೆ.

ಅಲ್ಲಿದ್ದೋರೆಲ್ಲ ಅದೇ ಪದ್ಧತಿಯೋರು, ಯಾಕೆ ಖಾಲಿ ಅಂತ ಯಾರಿಗೂ ಬಿಡಿಸಿ ಹೇಳಬೇಕಿರಲಿಲ್ಲ. ಕುಳ್ಳಯ್ಯಣ್ಣ ಮರದ ಕೆಳಗಿಂದ ಬೀದಿ ದಾಟಿ ಶಾಮಿಯಾನದ ಅಂಚಿಗೆ ಬಂದ.

"ಅಂಗಾರೆ 'ಆನೆ' ಅಂತ ಒತ್ತಿದ್ರೆ ಓಗ್ತಿತ್ತಾ?" ಅಂದ. ಆ ಹೆಸರು ಅವನ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. "ಎಲ್ಲಾರ್ಗೂ ಫೋನ್ ಬರ್ತಿತ್ತಾ? ಏಳ್ಲಾ ಧರ್ಮ. ಸಾಕಮ್ಮ ಉಳ್ಕತಿದ್ಲಾ?"

ಧರ್ಮೇಂದ್ರ ಮುಖ ಆ ಕಡೆ ತಿರುಗಿಸ್ಕೊಂಡ. ನನ್ನ ನಾಲಿಗೆ ತುದೀಲಿ "ಇಲ್ಲ" ಅಂತಿತ್ತು. ಹೇಳೋಕೆ ಆಗಲಿಲ್ಲ. ಹೌದು ಅಂತ ಅವನಿಗೂ ಗೊತ್ತು, ನಂಗೂ ಗೊತ್ತು. ಮುದುಕನ ಮುಖ ನೋಡಿದ್ರೆ, ಇಷ್ಟು ದಿನ ಊರು ಹೊರಿಸಿದ್ದೇ ಹಗುರ ಇತ್ತು ಅನ್ನಿಸ್ತಿತ್ತು. ಸುಳ್ಳುಗಾರ ಅನ್ನಿಸ್ಕೊಂಡು ಬದುಕಬಹುದು. ಇದನ್ನ ಹೊತ್ಕೊಂಡು ಆ ಜೀವ ನಾಳೆಗೆ ಉಳಿಯಲ್ಲ ಅಂತ ನಂಗೆ ಭಯ ಆಯ್ತು.

ಆಗ ಸಿದ್ದರಾಜು ಹತ್ರ ಬಂದ.

"ಇಲ್ಲ ಬುಡು ದೊಡ್ಡಪ್ಪ" ಅಂದ. "ಅವ್ವ ಅವತ್ತು ಫೋನ ಮನೇಲೇ ಬುಟ್ಟೋಗಿತ್ತು. ಬಂದಿದ್ರೂ ಎತ್ತೋರು ಯಾರು?"

"ಮನೇಲಾ?" ಅಂತ ಕುಳ್ಳಯ್ಯಣ್ಣ ಹೆಂಡ್ತಿ ಕಡೆ ತಿರುಗಿದ. ಅವತ್ತು ಹೊಲದಲ್ಲಿ ಜೊತೆಗಿದ್ದೋಳು ಅವಳೇ. ಚಿಕ್ಕಬೀರಮ್ಮ ಸೆರಗಲ್ಲಿ ಮೂಗು ಒರೆಸ್ಕೊಂಡು, "ಊ ಕಣ. ಚಾರ್ಜಿಗಾಕಿ ಬಂದಿವ್ನಿ ಅಂದ್ಲು" ಅಂದ್ಲು.

ಎಡೆಯ ಎಲೆ ಪಕ್ಕದಲ್ಲಿ, ಎಲೆ ಅಡಿಕೆ ಹತ್ರವೇ, ಸಾಕಮ್ಮನ ಸಣ್ಣ ಫೋನೂ ಇಟ್ಟಿದ್ರು. ಬೆನ್ನು ಒಡೆದು ಹೋಗಿತ್ತು, ಗುಂಡಿಗಳ ಸಂದೀಲಿ ಶುಂಠಿ ಹೊಲದ ಕೆಂಪು ಮಣ್ಣು ಇನ್ನೂ ಹಂಗೇ ಮೆತ್ಕೊಂಡಿತ್ತು. ಶಾಮಿಯಾನದಲ್ಲಿ ಇದ್ದ ಅಷ್ಟು ಜನಕ್ಕೂ ಅದು ಕಾಣ್ತಿತ್ತು. ಒಬ್ಬರೂ ತುಟಿ ಪಿಟಕ್ ಅನ್ನಲಿಲ್ಲ. ಸಿದ್ದಮಲ್ಲಪ್ಪ ಕಾಗದ ಮಡಚಿ, "ಅವ್ದು ಅವ್ದು, ಮನೇಲೇ ಇತ್ತು" ಅಂದ್ರು.

ಕುಳ್ಳಯ್ಯಣ್ಣ ಸುಮಾರು ಹೊತ್ತು ಎಡೆಯ ಕಡೆ ನೋಡ್ತಾ ನಿಂತಿದ್ದ. ಅವನ ಕಣ್ಣು ಇನ್ನೂ ಚೆನ್ನಾಗಿವೆ, ಅರವತ್ತಮೂರಕ್ಕೂ ಕನ್ನಡಕ ಇಲ್ಲ.

"ಅಂಗಾ. ಸರಿ ಬುಡು ಮಗ" ಅಂದು, ಸಿದ್ದರಾಜು ತೋರಿಸಿದ ಎಲೆ ಮುಂದೆ ಕೂತ್ಕೊಂಡ.